ಗೆಸ್ಟ್ ಮೇಷ್ಟ್ರು ಮತ್ತು ಅಡುಗೆ ಅಕ್ಕ

ಪುಷ್ಯ ಮಾಸದಲ್ಲಿ ಸುತ್ತೂರು ಜಾತ್ರೆಗೆ ಹೋಗಿಬಂದವರಿಗೆ ದಾಸೋಹ ಅಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಪಿಲೆಯ ದಡದ ಆ ಊರಿನಲ್ಲಿ ಅಷ್ಟೂ ದಿನ ಲಕ್ಷಾಂತರ ಜನ ಪಂಕ್ತಿಯಲ್ಲಿ ಕೂತು ಉಂಡೇಳುತ್ತಾರೆ. ತರಕಾರಿ ಹೆಚ್ಚಲು, ಬಡಿಸಲು ಎಷ್ಟೋ ಜನ ಸೇವೆ ಎಂದುಕೊಂಡೇ ಬರುತ್ತಾರೆ. ಅವರು ಕೂಲಿ ಕೇಳುವುದಿಲ್ಲ. ಜಾತ್ರೆ ಮುಗಿದ ಮೇಲೆ ಹಿಂದಿರುಗಲು ಅವರಿಗೆ ಹೊಲವಿದೆ, ಅಂಗಡಿಯಿದೆ, ನೌಕರಿಯಿದೆ.

2002ರಲ್ಲಿ ಕರ್ನಾಟಕ ಸರ್ಕಾರ ಶಾಲೆಯ ಬಿಸಿಯೂಟಕ್ಕೆ ಇದೇ ಪದವನ್ನು ಎರವಲು ತಂದು ಅಕ್ಷರ ದಾಸೋಹ ಎಂದು ಹೆಸರಿಟ್ಟಿತು. ಹೆಸರು ಚೆನ್ನಾಗಿದೆ. ಆದರೆ ಆ ಹೆಸರಿನ ಮರೆಯಲ್ಲಿ ನಡೆಯುತ್ತಿರುವ ಲೆಕ್ಕ ಚೆನ್ನಾಗಿಲ್ಲ.

2025ರ ಬಜೆಟ್ಟಿನಲ್ಲಿ ಒಂದು ಸಾವಿರ ಏರಿಸಿದ ಮೇಲೆ ಮುಖ್ಯ ಅಡುಗೆಯವರಿಗೆ ತಿಂಗಳಿಗೆ ಸಿಗುವುದು 4,700 ರೂಪಾಯಿ, ಸಹಾಯಕಿಯರಿಗೆ 4,600. ಕೇಂದ್ರ ಸರ್ಕಾರ ಗೊತ್ತುಮಾಡಿದ ಮೊತ್ತವಂತೂ 2009ರಿಂದ ಒಂದು ಸಾವಿರದಲ್ಲೇ ನಿಂತಿದೆ, ಅದರಲ್ಲಿ ಅದರ ಪಾಲು 600. ತಿಂಗಳಿಗೆ ಇಪ್ಪತ್ತೈದು ದಿನ ಕೆಲಸವೆಂದರೆ ಮುಖ್ಯ ಅಡುಗೆಯವರಿಗೆ ದಿನಕ್ಕೆ 188 ರೂಪಾಯಿ ಬೀಳುತ್ತದೆ. ಅದೇ ಊರಿನ ಕೆರೆಯ ಹೂಳೆತ್ತಲು ಹೋಗಿದ್ದರೆ 2025-26ರ ನರೇಗಾ ಕೂಲಿ 370 ರೂಪಾಯಿ ಸಿಗುತ್ತಿತ್ತು. ಇದು ಕೆಲವೇ ಗಂಟೆಗಳ ಕೆಲಸ ಎಂಬ ಸಮಜಾಯಿಷಿ ಕೇಳಿಬರುತ್ತದೆ. ಹಾಗೆನ್ನುವವರು ಒಂದು ಬೆಳಿಗ್ಗೆ ಶಾಲೆಯ ಅಡುಗೆಮನೆಯಲ್ಲಿ ನಿಂತು ನೋಡಲಿ. 2013ರಲ್ಲಿ ಕ್ಷೀರಭಾಗ್ಯ ಬಂತು, ಹಾಲು ಕಾಯಿಸಬೇಕು. ಆಮೇಲೆ ಮೊಟ್ಟೆ ಬಂತು, ಬೇಯಿಸಿ ಸುಲಿಯಬೇಕು. ಬಳಿಕ ರಾಗಿ ಮಾಲ್ಟ್ ಬಂತು. ಊಟದ ಪಾತ್ರೆ ತೊಳೆದು ಮುಗಿಸುವ ಹೊತ್ತಿಗೆ ಬೇರೆ ಕೂಲಿಗೆ ಹೋಗುವ ಹೊತ್ತು ಕಳೆದಿರುತ್ತದೆ. ಮಕ್ಕಳಿಗೆ ಇದೆಲ್ಲ ಬೇಕು. ಆದರೆ ಪ್ರತಿ ಹೊಸ ಯೋಜನೆಯೂ ಅದೇ ಎರಡು ಕೈಗಳ ಮೇಲೆ ಬೀಳುತ್ತಿದೆ.

ದಾಸೋಹದ ಮಾತೆತ್ತುವವರು ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಬೇಕು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದ ಜಾಗಕ್ಕೇ ಸುರಿದು ಬನ್ನಿ ಎಂದವಳು ಆಕೆ. ಶರಣರ ಲೆಕ್ಕದಲ್ಲಿ ಕಾಯಕ ಮೊದಲು, ದಾಸೋಹ ಆಮೇಲೆ. ಅದೂ ಸ್ವಂತ ದುಡಿಮೆಯಿಂದ. ಅಡುಗೆಯವಳ ಕೂಲಿ ಹಿಡಿದುಕೊಂಡು ಸರ್ಕಾರ ನಡೆಸುವ ದಾಸೋಹವನ್ನು ಲಕ್ಕಮ್ಮ ಒಪ್ಪುತ್ತಿದ್ದಳೇ?

ಅಡುಗೆಮನೆಯಿಂದ ತರಗತಿಗೆ ಬಂದರೆ ಇನ್ನೊಂದು ಸುಂದರ ಪದ ಕಾದಿದೆ: ಅತಿಥಿ ಶಿಕ್ಷಕ. ಊರಿನವರ ಬಾಯಲ್ಲಿ ಗೆಸ್ಟ್ ಮೇಷ್ಟ್ರು. ತಿಥಿ ನೋಡದೆ ಮನೆಗೆ ಬರುವವನು ಅತಿಥಿ ಎಂದು ಹಿರಿಯರು ಅರ್ಥ ಹೇಳುತ್ತಿದ್ದರು. ನಮ್ಮ ಶಾಲೆಯ ಅತಿಥಿಗೆ ಬರುವ ತಿಥಿ ಗೊತ್ತು, ಹೋಗುವ ತಿಥಿಯೂ ಗೊತ್ತು. ಸಂಬಳದ ತಿಥಿ ಮಾತ್ರ ಗೊತ್ತಿಲ್ಲ. ಎರಡು ಮೂರು ತಿಂಗಳ ಗೌರವಧನ ಬಾಕಿ ಎಂಬುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ.

2025-26ರಲ್ಲಿ ಸರ್ಕಾರ 51,000 ಅತಿಥಿ ಶಿಕ್ಷಕರ ನೇಮಕಕ್ಕೆ ಒಪ್ಪಿಗೆ ಕೊಟ್ಟಿತು. ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12,000 ರೂಪಾಯಿ, ಪ್ರೌಢಶಾಲೆಯಲ್ಲಿ 12,500. ಬೇಸಿಗೆ ರಜೆಗೆ ದುಡ್ಡಿಲ್ಲ. ಹತ್ತು ತಿಂಗಳ ಗಳಿಕೆಯನ್ನು ಹನ್ನೆರಡಕ್ಕೆ ಹಂಚಿದರೆ ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ ಹತ್ತು ಸಾವಿರ. ಡಿ.ಎಡ್., ಬಿ.ಎಡ್. ಮುಗಿಸಿ, ಕಾಯಂ ಶಿಕ್ಷಕರು ಮಾಡುವ ಪಾಠವನ್ನೇ ಮಾಡಿ ಪಡೆಯುವ ಮೊತ್ತ ಇದು. ಇನ್ನು ನೆಲೆ ನಿಲ್ಲು ಎಂದು ಯಾರಿಗೆ ಹೇಳುವುದು? ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದು ವರ್ಷವಿಡೀ ಕೆಲಸ ಕೊಡುತ್ತೇನೆ ಎಂದರೆ, ಸುತ್ತೂರಿನ ಕಡೆಗೋ ತಿ. ನರಸೀಪುರದ ಕಡೆಗೋ ಬಸ್ಸು ಹತ್ತುತ್ತಿದ್ದ ಹುಡುಗ ಅತ್ತ ತಿರುಗುತ್ತಾನೆ. ಅವನಿಗೆ ಆದರ್ಶವಿಲ್ಲ ಎಂದು ಬೈಯುವ ಹಕ್ಕು ನಮಗಿಲ್ಲ.

ಅವನು ಹೋದಾಗ ಹೋಗುವುದು ಅವನೊಬ್ಬನೇ ಅಲ್ಲ. ಮೂರನೇ ತರಗತಿಯ ಯಾವ ಮಗು ಒತ್ತಕ್ಷರ ಬಂದಾಗ ತಡವರಿಸುತ್ತದೆ, ಯಾವುದು ಪುಸ್ತಕ ನೋಡದೆ ಬಾಯಿಪಾಠ ಒಪ್ಪಿಸುತ್ತದೆ, ಯಾವುದು ಹಸಿದು ಬರುತ್ತದೆ ಎಂಬ ತಿಳಿವಳಿಕೆಯೂ ಅವನೊಂದಿಗೆ ಹೋಗುತ್ತದೆ. ಅದನ್ನು ಯಾವ ದಾಖಲೆಯಲ್ಲೂ ಬರೆದಿಟ್ಟಿರುವುದಿಲ್ಲ. ಜೂನ್‌ನಲ್ಲಿ ಹೊಸ ಮುಖವೊಂದು ಬಂದು ಮೊದಲಿನಿಂದ ಶುರುಮಾಡುತ್ತದೆ. ಹಣವಿದ್ದ ತಂದೆತಾಯಿ ಇದನ್ನು ಎರಡು ವರ್ಷ ನೋಡಿ ಮಗುವನ್ನು ವ್ಯಾನು ಹತ್ತಿಸುತ್ತಾರೆ. ಮಕ್ಕಳ ಸಂಖ್ಯೆ ಇಳಿಯಿತೆಂದು ಆಮೇಲೆ ಸರ್ಕಾರವೇ ಹುದ್ದೆ ಕಡಿತ ಮಾಡುತ್ತದೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಕಲಂ ಪ್ರಕಾರ ಶಾಲೆಯೊಂದರ ಮಂಜೂರಾದ ಶಿಕ್ಷಕ ಹುದ್ದೆಗಳಲ್ಲಿ ಶೇ. 10ಕ್ಕಿಂತ ಹೆಚ್ಚು ಖಾಲಿ ಇರುವಂತಿಲ್ಲ. ಅತಿಥಿಯೊಬ್ಬರನ್ನು ಕೂರಿಸಿದ ಮಾತ್ರಕ್ಕೆ ಹುದ್ದೆ ತುಂಬಿದಂತಲ್ಲ. ಖಾಲಿ ಕುರ್ಚಿ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ದುಡ್ಡೆಲ್ಲಿದೆ ಎಂಬ ಪ್ರಶ್ನೆ ಸುಳ್ಳಲ್ಲ. ಒಂದೇ ವರ್ಷದಲ್ಲಿ ಎಲ್ಲ ಹುದ್ದೆ ತುಂಬಲಾಗದು ಎಂದು ಒಪ್ಪೋಣ. ಆದರೆ ಹನ್ನೆರಡು ತಿಂಗಳ ವೇತನವನ್ನು ಗೊತ್ತಾದ ತಾರೀಖಿಗೆ ಕೊಡುವುದು, ಚೆನ್ನಾಗಿ ಪಾಠ ಮಾಡಿದವರನ್ನು ಮರುವರ್ಷ ಅದೇ ಶಾಲೆಗೆ ಕರೆಯುವುದು, ಕಾಯಂ ನೇಮಕದಲ್ಲಿ ಅವರ ಸೇವೆಗೆ ಕೃಪಾಂಕ ಕೊಡುವುದು, ಅಡುಗೆಯವರನ್ನು ಕಾರ್ಮಿಕರೆಂದು ಒಪ್ಪಿ ಕನಿಷ್ಠ ವೇತನಕ್ಕೆ ತರುವುದು, ಇವಕ್ಕೂ ಬೊಕ್ಕಸ ಬರಿದಾಗುತ್ತದೆಯೇ? ಕೇಂದ್ರ ತನ್ನ 600 ರೂಪಾಯಿಯನ್ನು ಹದಿನಾರು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಲು ಸಾಧ್ಯವಿಲ್ಲವೇ? ವರ್ಷವಿಡೀ ದುಡಿದವರಿಗೆ ಕೊಡುವುದನ್ನು ಗೌರವಧನ ಎನ್ನುತ್ತಿರುವವರೆಗೆ ಅದು ಕೊಡುವವರ ಔದಾರ್ಯವಾಗಿಯೇ ಉಳಿಯುತ್ತದೆ. ಸಂಬಳ ಎಂದರೆ ಹಕ್ಕಾಗುತ್ತದೆ, ಕೇಳಬಹುದಾಗುತ್ತದೆ. ಜಗಳ ಈ ಒಂದು ಪದದ್ದೇ.

2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಅಧ್ಯಾಪಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಭೆಗಳಲ್ಲಿ ಗುರುವನ್ನು ದೇವರೆಂದು ಶ್ಲೋಕ ಹೇಳಿದರೆ ಸಾಲದು, ನಡೆಸಿಕೊಳ್ಳುವ ರೀತಿಯಲ್ಲಿ ಅದು ಕಾಣಬೇಕು ಎಂಬರ್ಥದ ಮಾತಾಡಿತು. ಇದನ್ನು ಓದುತ್ತಿರುವವರಲ್ಲಿ ಬಿ.ಎಡ್. ವಿದ್ಯಾರ್ಥಿಗಳಿರಬಹುದು, ನಾಳೆ ನಿಮ್ಮ ಕೈಗೂ ಹತ್ತು ತಿಂಗಳ ಆದೇಶವೊಂದು ಬರಬಹುದು. ಉಳಿದವರು ಮುಂದಿನ ಸೆಪ್ಟೆಂಬರ್ 5ರಂದು ಭಾಷಣಕ್ಕೆ ಏಳುವ ಮೊದಲು ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ ಎರಡು ಪ್ರಶ್ನೆ ಕೇಳಿ ಬನ್ನಿ. ಮೇಷ್ಟ್ರೇ, ನಿಮಗೆ ಯಾವ ತಿಂಗಳವರೆಗಿನ ದುಡ್ಡು ಬಂದಿದೆ? ಅಕ್ಕಾ, ನಿಮಗೆ ಎಷ್ಟು ಕೊಡುತ್ತಾರೆ? ಭಾಷಣದಲ್ಲಿ ಆ ಎರಡು ಉತ್ತರಗಳನ್ನು ಓದಿದರೆ ಸಾಕು.