ಹೆಸರಿನ ಬೆಲೆ: ಹವಾನಾದ ಸಿಗಾರ್‌ನಿಂದ ಮಂಗಳೂರಿನ ಬೀಡಿಯವರೆಗೆ

ಸರಕು ಸುಟ್ಟು ಬೂದಿಯಾದರೂ ಅದರ ಹೆಸರು ತಲೆಮಾರುಗಳ ಕಾಲ ಉಳಿಯುವುದು ವಾಣಿಜ್ಯ ಜಗತ್ತಿನ ಒಂದು ವೈಚಿತ್ರ್ಯ. ದುಬಾರಿ ಸಿಗಾರ್‌ಗಳ ಗುಣವಿಮರ್ಶೆ ಮಾಡುವವರು ಎಲೆಯ ಪರಿಮಳ, ಸುತ್ತಿನ ಬಿಗಿ, ಬೂದಿಯ ಬಣ್ಣ ಇವುಗಳಿಗೆ ಅಂಕ ಕೊಡುತ್ತಾರೆ. ಗ್ರಾಹಕನಾದರೋ ಹೆಸರು ಹೇಳಿ ಸರಕು ಕೇಳುತ್ತಾನೆ. ತಂಬಾಕಿನ ಕೆಡುಕು ಸರ್ವವಿದಿತ. ಅದನ್ನು ಹೊಗಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ಹೆಸರು ಆಸ್ತಿಯಾಗುವ ಬಗೆಯನ್ನೂ ಅದನ್ನು ಕಾಯದಿದ್ದರೆ ಆಗುವ ನಷ್ಟವನ್ನೂ ಈ ವ್ಯಾಪಾರ ತಿಳಿಸಿದಷ್ಟು ಸ್ಪಷ್ಟವಾಗಿ ತಿಳಿಸುವ ಉದಾಹರಣೆಗಳು ವಿರಳ.

ಹವಾನಾದ ಹೆಸರುಗಳು

ಕ್ಯೂಬಾದ ಸಿಗಾರ್ ಕಾರ್ಖಾನೆಗಳಲ್ಲಿ 1865ರಿಂದ ಒಂದು ಪದ್ಧತಿ ಬೆಳೆಯಿತು. ಕೆಲಸಗಾರರು ಎಲೆ ಸುತ್ತುತ್ತಿರುವಾಗ ಓದುಗನೊಬ್ಬನು ಎತ್ತರದ ಪೀಠದಲ್ಲಿ ಕುಳಿತು ವೃತ್ತಪತ್ರಿಕೆ, ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದನು. ಅಲೆಕ್ಸಾಂಡರ್ ಡ್ಯೂಮಾನ ‘ದಿ ಕೌಂಟ್ ಆಫ್ ಮಾಂಟೆಕ್ರಿಸ್ಟೊ’ ಕೆಲಸಗಾರರಿಗೆ ಅಚ್ಚುಮೆಚ್ಚಾಗಿತ್ತೆಂದೂ 1935ರಲ್ಲಿ ಆರಂಭವಾದ ‘ಮಾಂಟೆಕ್ರಿಸ್ಟೊ’ ಸಿಗಾರ್‌ಗೆ ಅದರಿಂದಲೇ ಹೆಸರು ಬಂದಿತೆಂದೂ ಹೇಳುತ್ತಾರೆ. 1875ರ ‘ರೋಮಿಯೊ ಇ ಹೂಲಿಯೆತಾ’ ಶೇಕ್ಸ್‌ಪಿಯರನ ನಾಟಕದ ಹೆಸರನ್ನು ಹೊತ್ತಿದೆ. 1966ರ ‘ಕೊಹಿಬಾ’ ಆ ದ್ವೀಪಗಳ ಮೂಲನಿವಾಸಿಗಳಾದ ತಾಯಿನೋ ಜನರ ಮಾತಿನಿಂದ ಬಂದುದು.

1960ರಲ್ಲಿ ಕ್ಯೂಬಾ ಸರಕಾರವು ಸಿಗಾರ್ ಉದ್ಯಮವನ್ನು ರಾಷ್ಟ್ರೀಕರಣಗೊಳಿಸಿತು. ಕಟ್ಟಡ, ಯಂತ್ರ, ದಾಸ್ತಾನುಗಳೆಲ್ಲ ಸರಕಾರದ ವಶವಾದವು. ದೇಶ ಬಿಟ್ಟು ಹೋದ ಮಾಲೀಕರು ಹೊರದೇಶದಲ್ಲಿ ಅದೇ ಹೆಸರುಗಳಿಗೆ ಹಕ್ಕು ಸಾಧಿಸಿದರು. ಪರಿಣಾಮವಾಗಿ ಇಂದಿಗೂ ಎರಡು ‘ಮಾಂಟೆಕ್ರಿಸ್ಟೊ’ಗಳಿವೆ: ಒಂದು ಕ್ಯೂಬಾದ್ದು, ಇನ್ನೊಂದು ಅಮೆರಿಕದ ಮಾರುಕಟ್ಟೆಗೆ ಡೊಮಿನಿಕನ್ ಗಣರಾಜ್ಯದಲ್ಲಿ ತಯಾರಾಗುವಂಥದು. ‘ಕೊಹಿಬಾ’ವನ್ನು ಅಮೆರಿಕದ ಕಂಪನಿಯೊಂದು 1981ರಲ್ಲಿ ತನ್ನ ಹೆಸರಿಗೆ ನೋಂದಾಯಿಸಿಕೊಂಡಿತು. 1997ರಲ್ಲಿ ಆರಂಭವಾದ ಆ ವ್ಯಾಜ್ಯದಲ್ಲಿ 2022ರ ಡಿಸೆಂಬರ್‌ನಲ್ಲಿ ಅಲ್ಲಿನ ಟ್ರೇಡ್‌ಮಾರ್ಕ್ ಮಂಡಳಿಯು ನೋಂದಣಿಯನ್ನು ರದ್ದುಪಡಿಸಿತು. ಜಗಳ ಆಮೇಲೂ ಮುಂದುವರಿಯಿತು.

ಮಂಗಳೂರಿನ ನಿದರ್ಶನ

ಇದಕ್ಕೆ ಸಮಾನವಾದ, ಆದರೆ ಬೇರೆ ಬಗೆಯಲ್ಲಿ ಮುಗಿದ ಪ್ರಕರಣವೊಂದು ನಮ್ಮ ರಾಜ್ಯದಲ್ಲಿಯೇ ಇದೆ. ಮಂಗಳೂರು ಗಣೇಶ ಬೀಡಿ ವರ್ಕ್ಸ್ ಸಂಸ್ಥೆಯ ವ್ಯವಹಾರವು 1940ರಷ್ಟು ಹಳೆಯದು. ‘501’ ಎಂಬ ಅಂಕಿಯೊಡನೆ ಅದರ ಹೆಸರು ಹಳ್ಳಿಹಳ್ಳಿಯ ಗೂಡಂಗಡಿ ಮುಟ್ಟಿತು. ಪಾಲುದಾರರು 13 ಮಂದಿ. ಭಿನ್ನಾಭಿಪ್ರಾಯ ತಲೆದೋರಿ 1987ರ ಡಿಸೆಂಬರ್‌ನಲ್ಲಿ ಪಾಲುದಾರಿಕೆಯು ವಿಸರ್ಜನೆಗೊಂಡಿತು.

ಇಷ್ಟು ಜನ ಪಾಲು ಹಂಚಿಕೊಂಡಿದ್ದರೆ ಹದಿಮೂರು ‘ಗಣೇಶ’ಗಳು ಹುಟ್ಟುವ ಅಪಾಯವಿತ್ತು. ಅದನ್ನು ತಪ್ಪಿಸಿದ್ದು 1982ರ ಪಾಲುದಾರಿಕೆ ಪತ್ರದಲ್ಲಿದ್ದ ಒಂದು ಷರತ್ತು. ಸಂಸ್ಥೆ ವಿಸರ್ಜನೆಗೊಂಡರೆ, ನಡೆಯುತ್ತಿರುವ ವ್ಯವಹಾರವನ್ನು ಇಡಿಯಾಗಿ, ಅತಿ ಹೆಚ್ಚು ಬೆಲೆ ಕೊಡುವ ಪಾಲುದಾರರಿಗೇ ಮಾರತಕ್ಕದ್ದೆಂದು ಅದರಲ್ಲಿ ಬರೆದಿತ್ತು. ಪ್ರಕರಣ ಕರ್ನಾಟಕ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯ ಗೊತ್ತುಪಡಿಸಿದ ಕನಿಷ್ಠ ಬೆಲೆ ರೂ. 30 ಕೋಟಿ. 1994ರಲ್ಲಿ ಪಾಲುದಾರರೊಳಗಿನ ಹರಾಜಿನಲ್ಲಿ ಮೂವರ ಒಂದು ಕೂಟವು ರೂ. 92 ಕೋಟಿಗೆ ಕೂಗಿ ವ್ಯವಹಾರವನ್ನು ಪಡೆಯಿತು. ಬೀಡಿ ಮನೆಮನೆಗಳಲ್ಲಿ ಕೈಯಿಂದ ಸುತ್ತುವ ಸರಕು. ಭಾರೀ ಯಂತ್ರಸ್ಥಾವರದ ಪ್ರಶ್ನೆಯೇ ಇಲ್ಲ. ಆ ಮೊತ್ತದ ಬಹುಭಾಗ ಹೆಸರಿಗೆ ಸಂದ ಬೆಲೆಯೆಂದೇ ತಿಳಿಯಬೇಕು.

ಕೊಂಡವರು ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯ ಹಾಗೂ ತಾಂತ್ರಿಕ ಜ್ಞಾನದ ಬೆಲೆಯ ಮೇಲೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಕೋರಿದರು. 1995-96ನೇ ತೆರಿಗೆ ವರ್ಷದ ಈ ತಕರಾರು ಹೈಕೋರ್ಟಿನಲ್ಲಿ ಅವರ ವಿರುದ್ಧ ತೀರ್ಮಾನವಾಗಿ, 2015ರ ಅಕ್ಟೋಬರ್ 15ರಂದು ಸುಪ್ರೀಂ ಕೋರ್ಟಿನಲ್ಲಿ ಅವರ ಪರವಾಗಿ ಇತ್ಯರ್ಥವಾಯಿತು. ವ್ಯಾಪಾರಿಯು ತನ್ನ ವ್ಯಾಪಾರ ನಡೆಸಲು ಬಳಸುವ ಟ್ರೇಡ್‌ಮಾರ್ಕ್ ಕೂಡ ‘ಸ್ಥಾವರ’ವೇ, ಆದ್ದರಿಂದ ಅದಕ್ಕೆ ಸವಕಳಿ ಸಲ್ಲುತ್ತದೆ ಎಂಬುದು ತೀರ್ಪಿನ ಸಾರ.

ಲೆಕ್ಕಪುಸ್ತಕದ ಮೌನ

ಕೊಂಡ ಹೆಸರಿಗೆ ಲೆಕ್ಕಪತ್ರದಲ್ಲಿ ಜಾಗವುಂಟು. ತಾನೇ ಬೆಳೆಸಿದ ಹೆಸರಿಗಿಲ್ಲ. ಲೆಕ್ಕ ಮಾನದಂಡ 26ರ ಪ್ರಕಾರ ಸ್ವಂತವಾಗಿ ಬೆಳೆದ ಬ್ರ್ಯಾಂಡನ್ನು ಆಸ್ತಿಯೆಂದು ಆಢಾವೆ ಪತ್ರಿಕೆಯಲ್ಲಿ ತೋರಿಸುವಂತಿಲ್ಲ. ಅಳತೆಗೆ ಸಿಗದ ಆಸ್ತಿಯನ್ನು ಉಬ್ಬಿಸಿ ಬರೆಯಬಾರದೆಂಬ ಈ ನಿಯಮ ಸಾಧುವಾದುದೇ. ಆದರೆ ಪುಸ್ತಕದಲ್ಲಿ ಕಾಣದ್ದು ಮಾಲೀಕರ ಮನಸ್ಸಿನಲ್ಲಿಯೂ ಇಲ್ಲದಂತಾಗಬಾರದು. ನಲವತ್ತು ವರ್ಷ ಕೂಡಿ ದುಡಿದ ಕುಟುಂಬಗಳು ಹೆಸರಿನ ಬೆಲೆಯನ್ನು ಮೊದಲ ಸಲ ಅರಿಯುವುದು ಪಾಲಿನ ಪಂಚಾಯಿತಿಯಲ್ಲಿ ಎಂಬುದು ವಿಷಾದದ ಸಂಗತಿ.

ಸಮೇತನಹಳ್ಳಿಯಂತಹ ಊರಿನಲ್ಲಿ ಅಣ್ಣತಮ್ಮಂದಿರು ಕೂಡಿ ನಡೆಸುವ ಹಿಟ್ಟಿನ ಗಿರಣಿಗಾಗಲಿ, ಹಪ್ಪಳ-ಮಸಾಲೆ ಪುಡಿಯ ಘಟಕಕ್ಕಾಗಲಿ ಈ ಮಾತು ಅನ್ವಯಿಸದೆಂದು ಭಾವಿಸಬಾರದು. ಹೊಸಕೋಟೆ ಸಂತೆಯಲ್ಲಿ ಚೀಲದ ಮೇಲಿನ ಹೆಸರು ನೋಡಿ ಗ್ರಾಹಕನು ಹತ್ತು ರೂಪಾಯಿ ಹೆಚ್ಚು ಕೊಡುವನೆಂದರೆ ಅಲ್ಲಿ ಆಸ್ತಿಯೊಂದು ಹುಟ್ಟಿದೆಯೆಂದೇ ಅರ್ಥ. 1932ರ ಪಾಲುದಾರಿಕೆ ಕಾಯಿದೆಯ 14ನೇ ಕಲಮು ಸಂಸ್ಥೆಯ ಸದ್ಭಾವನಾ ಮೌಲ್ಯವನ್ನು ಸಂಸ್ಥೆಯ ಆಸ್ತಿಯಲ್ಲಿ ಸೇರಿಸುತ್ತದೆ. ವಿಸರ್ಜನೆಯ ಬಳಿಕ ಅದನ್ನು ಮಾರುವ ಕ್ರಮವನ್ನು 55ನೇ ಕಲಮು ಹೇಳುತ್ತದೆ. ಎರಡೂ ಪಾಲುದಾರರ ಕರಾರಿಗೆ ಒಳಪಟ್ಟಿವೆ. ಕರಾರೇ ಮೌನವಾಗಿದ್ದರೆ ವಕೀಲರೇ ಮಾತನಾಡಬೇಕಾಗುತ್ತದೆ.

ಆಗಬೇಕಾದುದು

ಮೊದಲನೆಯದಾಗಿ, ಟ್ರೇಡ್‌ಮಾರ್ಕನ್ನು ವ್ಯಕ್ತಿಯ ಹೆಸರಿಗಲ್ಲದೆ ಸಂಸ್ಥೆಯ ಹೆಸರಿಗೆ ನೋಂದಾಯಿಸಿ, ಹತ್ತು ವರ್ಷಕ್ಕೊಮ್ಮೆ ತಪ್ಪದೆ ನವೀಕರಿಸಬೇಕು. ಎರಡನೆಯದಾಗಿ, ವಿಸರ್ಜನೆಯಾದರೆ ಹೆಸರು ಯಾರಿಗೆ, ಯಾವ ಕ್ರಮದಲ್ಲಿ, ಯಾರ ಮೌಲ್ಯಮಾಪನದ ಮೇಲೆ ಎಂಬುದನ್ನು ಪಾಲುದಾರಿಕೆ ಪತ್ರದಲ್ಲಿ ನಮೂದಿಸಬೇಕು. ಮೂರನೆಯದಾಗಿ, ವ್ಯವಹಾರ ಕೊಳ್ಳುವಾಗ ಟ್ರೇಡ್‌ಮಾರ್ಕಿನ ಬೆಲೆಯನ್ನೂ ಸದ್ಭಾವನಾ ಮೌಲ್ಯವನ್ನೂ ಬೇರೆಬೇರೆಯಾಗಿ ಕಾಣಿಸಬೇಕು. 2021ರ ಹಣಕಾಸು ಕಾಯಿದೆಯು ಸವಕಳಿಯಿಂದ ಹೊರಗಿಟ್ಟದ್ದು ಎರಡನೆಯದನ್ನು ಮಾತ್ರ. ಕಡೆಯದಾಗಿ, ಹೆಸರಿನ ಆಯ್ಕೆಯಲ್ಲಿ ಎಚ್ಚರವಿರಬೇಕು. ಗಣೇಶ ಬೀಡಿ ತೀರ್ಪು ಬಂದ ಹನ್ನೆರಡೇ ದಿನಗಳಲ್ಲಿ, ‘ರಾಮಾಯಣ’ ಎಂಬ ಅಗರಬತ್ತಿಯ ಪ್ರಕರಣದಲ್ಲಿ, ಪವಿತ್ರ ಗ್ರಂಥದ ಹೆಸರಿಗೆ ಯಾರೂ ಏಕಸ್ವಾಮ್ಯ ಹೇಳಲಾಗದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತು. ದೇವರ ಹೆಸರಿಟ್ಟು ವ್ಯಾಪಾರ ಆರಂಭಿಸುವುದು ನಮ್ಮಲ್ಲಿ ಶುಭವೆಂಬ ನಂಬಿಕೆಯಿದೆ. ಆದರೆ ಜೊತೆಗೆ ತನ್ನದೇ ಆದ ಗುರುತೊಂದಿಲ್ಲದಿದ್ದರೆ ಆ ಹೆಸರು ಎಲ್ಲರದೂ ಆಗುತ್ತದೆ.

ಹೆಸರನ್ನು ಬೆಳೆಸಿದವರಲ್ಲಿ ಕರಾವಳಿಯ ಮನೆಗಳಲ್ಲಿ ಬೀಡಿ ಸುತ್ತಿದ ಸಾವಿರಾರು ಹೆಂಗಸರೂ ಇದ್ದಾರೆ. ಅವರ ದುಡಿಮೆಯ ರಕ್ಷಣೆಗಾಗಿ ಬಂದ 1966ರ ಕಾಯಿದೆಯನ್ನು ಇದೇ ಸಂಸ್ಥೆ ಮತ್ತಿತರರು ಪ್ರಶ್ನಿಸಿದಾಗ 1974ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ರೂ. 92 ಕೋಟಿಯ ಹರಾಜಿನಲ್ಲಿ ಆ ಕೈಗಳಿಗೆ ಪಾಲಿರಲಿಲ್ಲ. ಹೆಸರಿನ ಬೆಲೆ ಕಟ್ಟುವಾಗ ಅದನ್ನು ಕಟ್ಟಿದವರ ಲೆಕ್ಕವನ್ನೂ ನೆನೆಯುವ ಉದ್ದಿಮೆದಾರನ ಹೆಸರೇ ಹೆಚ್ಚು ಕಾಲ ಬಾಳೀತು.