ಗಂಟಲಿನ ತಪ್ಪಲ್ಲ

ಕಳೆದ ತಿಂಗಳು ಒಂದು ಶನಿವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, “ಸಾರ್, ಇವತ್ತು ಓಪನ್ ಮೈಕ್ ಇದೆ. ನಾನೊಂದು ಪದ್ಯ ಓದ್ತೀನಿ. ನೀವು ಬರಲೇಬೇಕು” ಎಂದು ಕರೆದ. ಅತ್ತಿಬೆಲೆಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲೆ ದುಡಿಯುವ ಹುಡುಗ. ಹುಡುಗನೆಂದರೂ ಮೂವತ್ತು ದಾಟಿದವನು. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆಗೆಟ್ಟು ಪದ್ಯ ಬರೆಯುತ್ತಾನೆಂಬುದು ಅಂದಿನವರೆಗೂ ನನಗೆ ತಿಳಿದಿರಲಿಲ್ಲ. ಸಂತೋಷದಿಂದ ಅವನ ಬೈಕಿನ ಹಿಂದೆ ಕುಳಿತು ಹೊರಟೆ.

ಓಪನ್ ಮೈಕ್ ಎಂದರೇನೆಂದು ಊರಿನಲ್ಲಿರುವ ನಮ್ಮ ಹಿರಿಯ ಬಂಧುಗಳು ಕೇಳಬಹುದು. ಆಹ್ವಾನ ಪತ್ರಿಕೆಯಿಲ್ಲ, ಅಧ್ಯಕ್ಷರಿಲ್ಲ, ಹಾರ ತುರಾಯಿಗಳಿಲ್ಲ. ಹೆಸರು ಬರೆಸಿದವರು ಸರದಿಯಂತೆ ವೇದಿಕೆಗೆ ಬಂದು, ಐದು ನಿಮಿಷ ಹಾಡಬಹುದು, ಪದ್ಯ ಓದಬಹುದು, ನಗಿಸಬಹುದು. ಬೆಂಗಳೂರಿನ ಕೋರಮಂಗಲ, ಇಂದಿರಾನಗರಗಳ ಕಡೆ ಬಹಳ ಕಾಲದಿಂದ ನಡೆಯುತ್ತಿದ್ದ ಈ ಪದ್ಧತಿ ಈಗ ಹೊಸೂರು ರಸ್ತೆಯುದ್ದಕ್ಕೂ ನಮ್ಮ ಗಡಿಯವರೆಗೆ ಬಂದಿದೆ. ಶಿಫಾರಸಿಲ್ಲದೆ ವೇದಿಕೆ ಸಿಗುವುದೆಂದರೆ ಸಣ್ಣ ಸಂಗತಿಯಲ್ಲ. ಈ ಮುಕ್ತ ವೇದಿಕೆಯ ಬಗ್ಗೆ ನನಗೆ ಗೌರವವಿದೆಯೆಂದು ಮೊದಲೇ ಹೇಳಿಬಿಡುತ್ತೇನೆ.

ಅಂದು ಕಾರ್ಯಕ್ರಮ ನಡೆದದ್ದು ಹೊಸ ವಸತಿ ಸಮುಚ್ಚಯವೊಂದರ ಸಭಾಂಗಣದಲ್ಲಿ. ನೆಲಕ್ಕೆ ಗ್ರಾನೈಟು, ಒಂದು ಬದಿಗೆ ಗಾಜಿನ ಕಿಟಕಿಗಳು, ಉಳಿದ ಮೂರು ಬದಿ ಬೋಳು ಗೋಡೆ. ವೇದಿಕೆಯ ಎರಡು ಬದಿಗಳಲ್ಲಿ ಆಳೆತ್ತರದ ಸ್ಪೀಕರುಗಳು. ಮೊದಲಿಗೆ ಗಿಟಾರು ಹಿಡಿದ ಯುವಕನೊಬ್ಬ ಹಿಂದಿ ಹಾಡು ಹಾಡಿದ. ಎದೆ ನಡುಗುವಂತೆ ಕೇಳಿಸಿತು, ಚಪ್ಪಾಳೆಯೂ ಬಿದ್ದಿತು. ಬಳಿಕ ನಮ್ಮ ಹುಡುಗ ಎದ್ದ. ಎರಡು ಸಾಲು ಓದುವಷ್ಟರಲ್ಲಿ ಮೈಕು ಕುಯ್ಯೆಂದು ಕೂಗಿತು. ಅವನು ಬೆದರಿ ಒಂದು ಹೆಜ್ಜೆ ಹಿಂದೆ ಸರಿದ. ಹಿಂದಿನ ಸಾಲಿನಿಂದ ಯಾರೋ “ಕೇಳಿಸ್ತಿಲ್ಲಾ” ಎಂದರು. ಮುಂದೆ ಬಂದು ಮೈಕನ್ನು ಬಿಗಿಯಾಗಿ ಹಿಡಿದ. ಅದು ಮತ್ತೆ ಕೂಗಿತು. ಅಲ್ಲಿಂದ ಮುಂದೆ ಅವನು ತೊದಲತೊಡಗಿದ. ತರಗತಿಯಲ್ಲಿ ಪಾಠ ಓದುವಾಗ ಒಮ್ಮೆಯೂ ತಡವರಿಸದಿದ್ದ ಹುಡುಗ ತಾನೇ ಬರೆದ ಪದ್ಯದಲ್ಲಿ ಎಡವಿದ. ಕೆಲವರು ನಕ್ಕರು. ಮೂರನೆಯ ನಿಮಿಷಕ್ಕೇ ಕಾಗದ ಮಡಚಿಕೊಂಡು ಇಳಿದುಬಂದ.

ಮರಳುವಾಗ ದಾರಿಯುದ್ದಕ್ಕೂ ಮೌನ. ನಮ್ಮ ಮನೆಯ ಮುಂದೆ ಬೈಕು ನಿಲ್ಲಿಸಿ, “ಬಿಡಿ ಸಾರ್, ನನ್ನ ಗಂಟಲು ಸ್ಟೇಜಿಗೆ ಆಗಿಬರಲ್ಲ. ಇನ್ಮೇಲೆ ಬರ್ಕೊಂಡು ಮನೇಲೇ ಇಟ್ಕೋತೀನಿ” ಎಂದ.

ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಏಕೆಂದರೆ ಇದೇ ಮಾತನ್ನು, ಇದಕ್ಕಿಂತ ಕಠಿಣವಾಗಿ, ನಾನೇ ಒಬ್ಬ ವಿದ್ಯಾರ್ಥಿನಿಗೆ ಹೇಳಿದ್ದೆ. ಬಹಳ ವರ್ಷಗಳ ಹಿಂದಿನ ಶಾಲಾ ವಾರ್ಷಿಕೋತ್ಸವ. ಬಾಡಿಗೆಗೆ ತಂದ ಕಹಳೆಯಾಕಾರದ ಧ್ವನಿವರ್ಧಕಗಳನ್ನು ಮರಕ್ಕೆ ಕಟ್ಟಿ, ಊರಿಗೆಲ್ಲ ಕೇಳಿಸಲೆಂದು ಬೀದಿಯ ಕಡೆಗೆ ತಿರುಗಿಸಿದ್ದೆವು. ಮೈದಾನದ ಆಚೆಗೆ ಅಕ್ಕಿ ಗಿರಣಿಯ ದೊಡ್ಡ ಗೋಡೆಯಿತ್ತು. ಏಳನೆಯ ತರಗತಿಯ ಆ ಬಾಲಕಿ ಸ್ವಾಗತ ಭಾಷಣವನ್ನು ನೀರು ಕುಡಿದಂತೆ ಒಪ್ಪಿಸುತ್ತಿದ್ದವಳು, ಅಂದು ನಾಲ್ಕನೆಯ ವಾಕ್ಯಕ್ಕೆ ತೊದಲಿ ನಿಂತುಬಿಟ್ಟಳು. ಅತಿಥಿಗಳ ಮುಂದೆ ನನಗೆ ಅವಮಾನವೆನಿಸಿತು. ವೇದಿಕೆಯ ಪಕ್ಕಕ್ಕೆ ಕರೆದು, “ಗಂಟಲಿಲ್ಲದವಳು ಹೆಸರು ಯಾಕೆ ಕೊಟ್ಟೆ?” ಎಂದೆ. ಅವಳು ಮತ್ತೆಂದೂ ಯಾವ ವೇದಿಕೆಯನ್ನೂ ಹತ್ತಲಿಲ್ಲ.

ಭೌತಶಾಸ್ತ್ರವನ್ನು ಅಷ್ಟಿಷ್ಟು ಬೋಧಿಸಿದ ನಾನು ಅಂದೇ ತಿಳಿಯಬೇಕಿತ್ತು. ಮನುಷ್ಯ ತನ್ನ ಮಾತನ್ನು ಆಡುತ್ತಲೇ ಕೇಳಿಸಿಕೊಂಡು ತಿದ್ದಿಕೊಳ್ಳುತ್ತಿರುತ್ತಾನೆ. ಅವನ ದನಿ ಅವನ ಕಿವಿಗೆ ಒಂದಿಷ್ಟು ತಡವಾಗಿ ಬಂದು ಬಿದ್ದರೆ, ಚೆನ್ನಾಗಿ ಮಾತನಾಡಬಲ್ಲವನೂ ತೊದಲುತ್ತಾನೆ. ಇದು 1950ರ ದಶಕದಿಂದಲೂ ಪ್ರಯೋಗಗಳಿಂದ ತಿಳಿದಿರುವ ಸಂಗತಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರು. 50 ಮೀಟರು ದೂರದ ಗೋಡೆಗೆ ಬಡಿದು ಮರಳಲು ಅದಕ್ಕೆ ಸೆಕೆಂಡಿನ ಹತ್ತರಲ್ಲಿ ಮೂರು ಪಾಲು ಬೇಕು. ಅಷ್ಟರಲ್ಲಿ ಮಾತನಾಡುವವರು ಒಂದೆರಡು ಅಕ್ಷರ ಮುಂದಕ್ಕೆ ಹೋಗಿರುತ್ತಾರೆ. ಗಿರಣಿಯ ಗೋಡೆ ಆ ಮಗುವಿನ ಮಾತನ್ನು ಅದರ ಕಿವಿಗೇ ಎಸೆಯುತ್ತಿತ್ತು. ಮೊನ್ನೆಯ ಸಭಾಂಗಣದಲ್ಲಿ ಗಾಜು, ಗ್ರಾನೈಟು, ಹಿಂದಿನ ಗೋಡೆಗಳು ಸೇರಿ ಅದೇ ಕೆಲಸ ಮಾಡಿದವು.

ಇನ್ನು ಮೈಕಿನ ಕೂಗಾಟ. ಸ್ಪೀಕರಿನ ಶಬ್ದ ಮತ್ತೆ ಮೈಕಿನೊಳಗೆ ಹೊಕ್ಕು, ಹಿಗ್ಗಿ ಹೊರಬಂದು, ಪುನಃ ಒಳಹೊಕ್ಕಾಗ ಈ ಕೂಗು ಹುಟ್ಟುತ್ತದೆ. ಸ್ಪೀಕರುಗಳು ಮೈಕಿಗಿಂತ ಮುಂದೆ, ಸಭಿಕರ ಕಡೆಗೆ ಮುಖಮಾಡಿರಬೇಕು. ಅಂದು ಅವು ಹಾಡುಗಾರನ ಬೆನ್ನ ಹಿಂದಿದ್ದವು. ಹುಡುಗ ಹಿಂದೆ ಸರಿದಾಗ ಅವನ ದನಿ ಸೊರಗಿತು. ಅಂತರ ಎರಡರಷ್ಟಾದರೆ ತೀವ್ರತೆ ನಾಲ್ಕನೆಯ ಒಂದಕ್ಕೆ ಇಳಿಯುತ್ತದೆಂಬ ನಿಯಮವನ್ನು ನಿಮ್ಮಲ್ಲಿ ಹಲವರು ನನ್ನಿಂದಲೇ ಬಾಯಿಪಾಠ ಮಾಡಿದ್ದೀರಿ. ಆತ ಗಾಬರಿಯಿಂದ ಮೈಕಿನ ತಲೆಯನ್ನೇ ಮುಷ್ಟಿಯಲ್ಲಿ ಮುಚ್ಚಿ ಹಿಡಿದಾಗ, ಎದುರಿನ ದನಿಯನ್ನು ಮಾತ್ರ ಆಯ್ದು ಹಿಡಿಯುವ ಅದರ ಗುಣ ಕೆಟ್ಟು, ಕೂಗು ಹೆಚ್ಚಿತು. ಇದನ್ನೆಲ್ಲ ಅವನಿಗೆ ಹೇಳಿಕೊಟ್ಟವರು ಯಾರು?

ಗಿಟಾರಿನ ಯುವಕನಿಗೆ ಚೆನ್ನಾಗಿದ್ದ ವ್ಯವಸ್ಥೆ ಪದ್ಯಕ್ಕೇಕೆ ಒಗ್ಗಲಿಲ್ಲವೆಂಬುದಕ್ಕೂ ಕಾರಣವಿದೆ. ಮಾತಿನಲ್ಲಿ ಬಲವಿರುವುದು ಸ್ವರಗಳಲ್ಲಿ. ಅರ್ಥವನ್ನು ಬೇರ್ಪಡಿಸುವುದು ಬಹುಮಟ್ಟಿಗೆ ವ್ಯಂಜನಗಳು. ತ, ಕ, ಸ, ಶಗಳ ಸೂಕ್ಷ್ಮವೆಲ್ಲ ಎತ್ತರದ ಕಂಪನಗಳಲ್ಲಿದೆ. ಕುಣಿತದ ಹಾಡಿಗೆಂದು ತಗ್ಗಿನ ಗುಡುಗನ್ನು ಏರಿಸಿಟ್ಟ ಯಂತ್ರದಲ್ಲಿ ‘ಕಾಲ’ವೂ ‘ತಾಳ’ವೂ ಒಂದೇ ಆಗುತ್ತವೆ. ಅದರ ಮೇಲೆ ನಮ್ಮ ಮೈಕ್‌ಸೆಟ್ಟಿನವರಿಗೆ ಬಲು ಪ್ರಿಯವಾದ ‘ಎಕೋ’! ರಾಜ್ಯೋತ್ಸವದ ವೇದಿಕೆಗಳಲ್ಲಿ ಕನ್ನಡದ ಹಿರಿಮೆಯ ಬಗ್ಗೆ ಆಡಿದ ಮಾತುಗಳೇ ಆ ಎಕೋದಲ್ಲಿ ಕಲಸಿಹೋಗಿ, ಒಂದಕ್ಷರವೂ ಕೇಳಿಸದೆ ಚಪ್ಪಾಳೆ ತಟ್ಟಿ ಬಂದದ್ದುಂಟು.

ಹಿಂದೆ ಮೈಕೇ ಇರಲಿಲ್ಲ, ಎಲ್ಲವೂ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಮೈಕಿಲ್ಲದ ಕಾಲದಲ್ಲಿ ವೇದಿಕೆ ದೊಡ್ಡ ಕಂಠದವರ ಸ್ವತ್ತಾಗಿತ್ತು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದ ಮೇಲೆ, ಮೆಲುದನಿಯೂ ದೂರದ ಮನೆಗಳನ್ನು ಮುಟ್ಟುವಂತಾಯಿತು. ಪಿ. ಕಾಳಿಂಗರಾಯರು, ಮೈಸೂರು ಅನಂತಸ್ವಾಮಿಯವರು ಬೆಳೆಸಿದ ಭಾವಗೀತೆಯ ಗಾಯನ ಮೈಕಿಲ್ಲದೆ ಈ ಬಗೆಯಲ್ಲಿ ಬೆಳೆಯುತ್ತಿರಲಿಲ್ಲವೆಂದೇ ನನ್ನ ನಂಬಿಕೆ. ಮೈಕಿರುವುದೇ ಮೆಲುದನಿಯವರಿಗಾಗಿ. ಅದೇ ಮೈಕು ಅವರನ್ನು ವೇದಿಕೆಯಿಂದ ಓಡಿಸಿದರೆ ಅದು ಬಂದ ಉದ್ದೇಶವೇ ಕೆಟ್ಟಂತೆ.

ನಮ್ಮ ಆನೇಕಲ್ ತಾಲ್ಲೂಕಿನ ಹಳ್ಳಿಗಳ ‘ಕುರುಕ್ಷೇತ್ರ’ ನಾಟಕಗಳನ್ನು ನೀವೂ ನೋಡಿದ್ದೀರಿ. ವೇದಿಕೆಯ ಮೇಲಿಂದ ಮೈಕುಗಳನ್ನು ಇಳಿಬಿಟ್ಟಿರುತ್ತಾರೆ. ದುರ್ಯೋಧನ ಎಷ್ಟೇ ಆರ್ಭಟಿಸಲಿ, ಹಾಡು ಬಂದಾಗ ಗದೆ ಹೊತ್ತು ನೇರವಾಗಿ ಮೈಕಿನ ಕೆಳಗೆ ಬಂದು ನಿಲ್ಲುತ್ತಾನೆ. ನಾವು ಅದನ್ನು ಕಂಡು ನಗುತ್ತಿದ್ದೆವು. ಆದರೆ ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ತಾಲೀಮು ಮಾಡಿಸುವಾಗ ಎಲ್ಲಿ ನಿಲ್ಲಬೇಕೆಂಬುದನ್ನೂ ಕಲಿಸಿರುತ್ತಾರೆ. ಹೊಲದಲ್ಲಿ ದುಡಿದು ಬಂದ ರೈತನಿಗೆ ದೊರೆಯುವ ಆ ಪಾಠ, ಓಪನ್ ಮೈಕಿನ ಹೊಸಬರಿಗೆ ದೊರೆಯುವುದಿಲ್ಲ.

ಹಣವಿಲ್ಲ, ಉಚಿತ ಕಾರ್ಯಕ್ರಮ, ಇಷ್ಟಾದರೂ ನಡೆಯುತ್ತಿದೆಯಲ್ಲ ಎಂದು ಸಂಘಟಕರು ಹೇಳಬಹುದು. ಅವರ ಶ್ರಮವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೇಕಾಗಿರುವುದರಲ್ಲಿ ಹೆಚ್ಚಿನದಕ್ಕೆ ಹಣ ಬೇಡ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಗುಂಯ್ಗುಡುತ್ತಿತ್ತು. ವಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕ ಪಕ್ಕದ ರಂಗಮಂದಿರದ ಆಸನದ ಮೆತ್ತೆಗಳನ್ನು ರಾತ್ರಿ ಹೊತ್ತು ಹೊತ್ತುತಂದು ಹರಡಿ, ಮೆತ್ತೆ ಹೆಚ್ಚಿದಷ್ಟೂ ಶಬ್ದ ಬೇಗ ಅಡಗುವುದನ್ನು ಅಳೆದು ತೋರಿಸಿದ. ನಮ್ಮಲ್ಲಿ ಜಮಖಾನಗಳಿಗೆ ಬರವಿಲ್ಲ. ನೆಲಕ್ಕೆ ಜಮಖಾನ ಹಾಸಿ, ಗಾಜಿಗೆ ದಪ್ಪ ಪರದೆ ಎಳೆದು, ಕುರ್ಚಿಗಳನ್ನು ವೇದಿಕೆಯ ಹತ್ತಿರಕ್ಕೆ ಸರಿಸಿದರೆ ಅರ್ಧ ಕೆಲಸವಾಯಿತು. ಉಳಿದರ್ಧಕ್ಕೆ ಕಾರ್ಯಕ್ರಮಕ್ಕೆ ಮುನ್ನ ಅರ್ಧ ಗಂಟೆ ಬೇಕು: ಹೆಸರು ಕೊಟ್ಟ ಪ್ರತಿಯೊಬ್ಬರೂ ಎರಡು ಸಾಲು ಓದಿ ನೋಡಲಿ, ಸಂಘಟಕರಲ್ಲೊಬ್ಬರು ಕೊನೆಯ ಸಾಲಿನಲ್ಲಿ ಕುಳಿತು, ಕೇಳಿದ ಪದಗಳನ್ನು ಮರಳಿ ಹೇಳಲಿ. ಮಾತಿಗೆ ಎಕೋ ಬೇಡ. ಅಸ್ಪಷ್ಟವಾದಾಗ ಶಬ್ದ ಏರಿಸುವುದರಿಂದ ನೆರೆಹೊರೆಯವರ ನಿದ್ದೆ ಕೆಡುವುದೇ ಹೊರತು ಪದ್ಯ ತಿಳಿಯುವುದಿಲ್ಲ.

ಓದುವವರಿಗೂ ಎರಡು ಮಾತು. ಮೈಕನ್ನು ಬೆರಳಿನಿಂದ ತಟ್ಟಬೇಡಿ, ಊದಬೇಡಿ. ಹಿಡಿಯ ಭಾಗವನ್ನು ಮಾತ್ರ ಹಿಡಿಯಿರಿ. ತುಟಿಯಿಂದ ನಾಲ್ಕು ಬೆರಳಿನ ಅಂತರವಿರಲಿ, ತುಸು ಓರೆಯಾಗಿರಲಿ. ಇಲ್ಲವಾದರೆ ಪ, ಫ, ಬ, ಭಗಳ ಉಸಿರು ಗುಂಡಿನಂತೆ ಸಿಡಿಯುತ್ತದೆ. ಕೇಳುವವರು, ಕೇಳಿಸದಿದ್ದಾಗ ಓದುವವನನ್ನು ಗದರದೆ, ಯಂತ್ರದ ಮುಂದೆ ಕುಳಿತವರ ಬಳಿಗೆ ಹೋಗಿ ತಿಳಿಸಿ.

ನಿಜವಾದ ಪ್ರತಿಭೆ ಇದೆಲ್ಲವನ್ನೂ ಮೀರಿ ನಿಲ್ಲುತ್ತದೆ ಎನ್ನುವವರಿದ್ದಾರೆ. ನಾನೂ ಒಂದು ಕಾಲಕ್ಕೆ ಹಾಗೆ ಹೇಳುತ್ತಿದ್ದೆ. ಮೀರಿ ನಿಂತವರು ನಮ್ಮ ಕಣ್ಣಿಗೆ ಬೀಳುತ್ತಾರೆ. ಕಾಗದ ಮಡಚಿಕೊಂಡು ಇಳಿದವರ ಲೆಕ್ಕ ಯಾರ ಬಳಿಯೂ ಇಲ್ಲ.

ಕಳೆದ ಭಾನುವಾರ ಆ ಹುಡುಗನನ್ನು ಮನೆಗೆ ಕರೆಸಿದೆ. ನಡುಮನೆಯಲ್ಲಿ ಮೈಕಿಲ್ಲದೆ ಇಡೀ ಪದ್ಯವನ್ನು ಓದಿದ. ರಾತ್ರಿ ಪಾಳಿಯಿಂದ ಮರಳುವ ಗಂಡ, ಬೆಳಗಿನ ಪಾಳಿಗೆ ಹೊರಡುವ ಹೆಂಡತಿ ಬಸ್ ನಿಲ್ದಾಣದಲ್ಲಿ ಎರಡು ನಿಮಿಷ ಭೇಟಿಯಾಗುವ ಪದ್ಯ. ಒಂದು ಕಡೆಯೂ ತೊದಲಲಿಲ್ಲ. ನನ್ನ ಶ್ರೀಮತಿ ಕಣ್ಣೊರೆಸಿಕೊಂಡಳು. ಮುಂದಿನ ಕಾರ್ಯಕ್ರಮಕ್ಕೆ ಹೆಸರು ಕೊಡುವೆಯಾ ಎಂದರೆ, “ನೋಡೋಣ ಸಾರ್” ಎಂದಷ್ಟೇ ಹೇಳಿದ. ಕೊಟ್ಟರೆ, ಒಂದು ಗಂಟೆ ಮೊದಲೇ ಹೋಗಿ ಕೊನೆಯ ಸಾಲಿನಲ್ಲಿ ಕೂರುವವನು ನಾನೇ.

ಏಳನೆಯ ತರಗತಿಯ ಆ ಬಾಲಕಿ ಈಗ ಎಲ್ಲಿದ್ದಾಳೋ, ಇದನ್ನು ಓದುವಳೋ ಇಲ್ಲವೋ ತಿಳಿಯದು. ಓದಿದರೆ ತಿಳಿದುಕೊಳ್ಳಲಿ: ತಾಯೀ, ಅಂದು ನಿನ್ನ ಗಂಟಲಿನಲ್ಲಿ ಯಾವ ದೋಷವೂ ಇರಲಿಲ್ಲ. ಧ್ವನಿವರ್ಧಕವನ್ನು ಆ ಗೋಡೆಯ ಕಡೆಗೆ ತಿರುಗಿಸಿ ಕಟ್ಟಿಸಿದವನು ನಿನ್ನ ಮೇಷ್ಟರು. ಕ್ಷಮಿಸು.