ಬದಿಯಿಂದ ಬಂದ ಗೆಲುವು

ಮದುವೆಯ ಚಪ್ಪರದ ನಡುವಣ ಕುರ್ಚಿಯಲ್ಲಿ ಕುಳಿತವನೇ ಯಜಮಾನನೆಂದು ನಾವು ಬಗೆಯುತ್ತೇವೆ. ಕಾರ್ಯವನ್ನೆಲ್ಲ ಒಳಬಾಗಿಲ ಮರೆಯಲ್ಲಿ ನಿಂತು ನಡೆಸುವವರು ಬೇರೆಯೇ ಇರುತ್ತಾರೆ. ವಾಚಕಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚದುರಂಗದ ಮಣೆಯ ಮೇಲೂ ಒಮ್ಮೆ ಈ ಮಾತು ಸಿದ್ಧವಾಯಿತು.

1924ರ ಮಾರ್ಚ್ ತಿಂಗಳು. ನ್ಯೂಯಾರ್ಕ್ ನಗರದಲ್ಲಿ ಹನ್ನೊಂದು ಮಂದಿ ಮಹಾರಥಿಗಳ ಪಂದ್ಯಾವಳಿ. ಕ್ಯೂಬಾ ದೇಶದ ಕಾಪಾಬ್ಲಾಂಕಾ ಆಗ ಜಗಜ್ಜೇತ. 1916ರಲ್ಲಿ ಒಂದು ಆಟ ಸೋತದ್ದೇ ಕೊನೆ; ಅನಂತರ ಎಂಟು ವರ್ಷ ಸೋಲೆಂಬುದು ಆತನ ಬಳಿ ಸುಳಿದಿರಲಿಲ್ಲ. ಅಂಥವನ ಎದುರಿಗೆ ಕುಳಿತವನು ಚೆಕೊಸ್ಲೊವಾಕಿಯಾದ ರಿಚರ್ಡ್ ರೇಟಿ.

ಮಣೆಯ ನಡುವಣ ನಾಲ್ಕು ಮನೆಗಳನ್ನು ಮೊದಲು ಪದಾತಿಗಳಿಂದ ಹಿಡಿಯಬೇಕೆಂಬುದು ಅಂದಿನ ಗುರುಗಳ ಶಾಸ್ತ್ರ. ರೇಟಿ ಅದನ್ನು ಬದಿಗೊತ್ತಿದನು. ಮೊದಲು ಕುದುರೆಯನ್ನು ಹೊರಡಿಸಿದನು. ಬಳಿಕ ಮಂತ್ರಿಯ ಪಕ್ಕದ ಎರಡು ಪದಾತಿಗಳನ್ನು ಮುಂದೆ ನಡೆಸಿದನು. ಎರಡು ಒಂಟೆಗಳೂ ಎರಡು ಬದಿಗಳಲ್ಲಿ ನೆಲೆಸಿ, ಉದ್ದನೆಯ ಕರ್ಣರೇಖೆಗಳ ಮೇಲಿಂದ ನಡುವಣ ಮನೆಗಳ ಕಡೆಗೆ ದೃಷ್ಟಿ ನೆಟ್ಟವು. ಏಳು ನಡೆಗಳು ಕಳೆದರೂ ರಾಜನ ಮತ್ತು ಮಂತ್ರಿಯ ಮುಂದಣ ಪದಾತಿಗಳು ಕದಲಲಿಲ್ಲ. ನಡುವನ್ನು ಆಕ್ರಮಿಸದೆಯೇ ಅದನ್ನು ಆಳುವ ಉಪಾಯವಿದು.

ಕಾಪಾಬ್ಲಾಂಕಾ ಅಂಜಲಿಲ್ಲ, ತನ್ನ ಪದಾತಿಗಳನ್ನು ನಡುವೆ ನಿಲ್ಲಿಸಿದನು. ಹದಿನಾರನೆಯ ನಡೆಯಲ್ಲಿ ರೇಟಿ ತನ್ನ ಮಂತ್ರಿಯ ಮುಂದಣ ಪದಾತಿಯನ್ನು ನುಗ್ಗಿಸಲು ಕಟ್ಟೆಯೊಡೆಯಿತು. ನಡುವಣ ದಾರಿ ತೆರೆಯಿತು. ಆ ದಾರಿಯಲ್ಲಿ ರೇಟಿಯ ಆನೆಗಳೆರಡೂ ಒಂದರ ಹಿಂದೊಂದು ಬಂದು ನಿಂತವು. ಕರಿಯ ಮಂತ್ರಿ ನೆಲೆಗಾಣದೆ ಅತ್ತಿತ್ತ ಅಲೆಯಿತು. ಮೂವತ್ತೊಂದನೆಯ ನಡೆಯಲ್ಲಿ ಆನೆಯೊಂದು ಮುನ್ನುಗ್ಗಿ ಆ ಮಂತ್ರಿಯನ್ನೇ ಕೆಣಕಿದಾಗ ಜಗಜ್ಜೇತನು ಸೋಲೊಪ್ಪಿದನು.

ಮುಂದಿನ ಮಾತು ನನಗೆ ಇನ್ನೂ ಹಿರಿದಾಗಿ ತೋರುತ್ತದೆ. ಎಂಟು ವರ್ಷ ಕಾಯ್ದ ಕೀರ್ತಿ ಒಂದು ದಿನದಲ್ಲಿ ಮುಕ್ಕಾದರೆ ಎಷ್ಟೋ ಮಂದಿ ಎದೆಗುಂದಿ ಕುಳಿತಾರು. ಕಾಪಾಬ್ಲಾಂಕಾ ಆ ಪಂದ್ಯಾವಳಿಯಲ್ಲಿ ಮತ್ತೊಂದು ಆಟವನ್ನೂ ಸೋಲಲಿಲ್ಲ. ಪ್ರಥಮನಾದ ಹಿರಿಯ ಲಾಸ್ಕರನ ಹಿಂದೆಯೇ ಎರಡನೆಯವನಾಗಿ ನಿಂತನು. ಗೆದ್ದ ರೇಟಿಗೆ ದೊರೆತದ್ದು ಐದನೆಯ ಸ್ಥಾನ. ಐದು ವರ್ಷಗಳಲ್ಲಿ, ನಲವತ್ತು ತುಂಬಿದ ಕೆಲವೇ ದಿನಗಳಲ್ಲಿ, ಅವನು ಕಾಲವಾದನು. ಆದರೆ ಅವನು ತುಳಿದ ಬದಿಯ ದಾರಿಯನ್ನು ಇಂದಿಗೂ ಆಟಗಾರರು ‘ರೇಟಿಯ ಆರಂಭ’ವೆಂದೇ ಕರೆಯುತ್ತಾರೆ.

ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನ ತರಗತಿಯಲ್ಲಿ ಬಾಡಿದ ಮುಖಗಳನ್ನು ಕಂಡಾಗ ನನಗೆ ಈ ಇಬ್ಬರೂ ನೆನಪಾಗುತ್ತಾರೆ. ಒಬ್ಬನು ಸೋತ ಮೇಲೂ ಆಡಿದನು. ಇನ್ನೊಬ್ಬನು ನಡುವಣ ಪೀಠ ದೊರೆಯದೆಯೂ ಉಳಿದನು.